ರಾಷ್ಟ್ರದ ಸಂಪತ್ತು, ವೈದ್ಯಕೀಯ ಸಂಶೋಧನೆ ಮತ್ತು ಶ್ರೀನಿವಾಸಪುರ

ಮಾವಿನ ವಹಿವಾಟಿಗೆ ಹೆಸರಾದ ಶ್ರೀನಿವಾಸಪುರವು ವೈದ್ಯಕೀಯ ಸಂಶೋಧನೆಯ ಭೂಪಟದಲ್ಲಿಯೂ ಸ್ಥಾನ ಪಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಈ ತಾಲ್ಲೂಕಿನ ಗ್ರಾಮಗಳಲ್ಲಿ ‘ಸ್ಯಾನ್ಸ್‌ಕಾಗ್’ ಎಂಬ ದೀರ್ಘಾವಧಿ ಅಧ್ಯಯನವನ್ನು ಆರಂಭಿಸಿತು. 45 ವರ್ಷ ಮೀರಿದ 10,000 ಗ್ರಾಮಸ್ಥರ ನೆನಪಿನ ಶಕ್ತಿ, ರಕ್ತ, ವಂಶವಾಹಿ ಹಾಗೂ ಮಿದುಳಿನ ಚಿತ್ರಗಳನ್ನು ವರ್ಷಾನುವರ್ಷ ಪರೀಕ್ಷಿಸಿ, ಮರೆವಿನ ಕಾಯಿಲೆಯ ಕಾರಣಗಳನ್ನು ಅರಿಯುವುದೇ ಇದರ ಉದ್ದೇಶವಾಗಿದೆ.

ಬಂಡವಾಳ ಎಲ್ಲಿಂದ?

ಈ ಕೇಂದ್ರದ ಸ್ಥಾಪನೆಗೆ ಆಧಾರವಾದದ್ದು ಇನ್ಫೋಸಿಸ್ ಸಹಸಂಸ್ಥಾಪಕರಾದ ಕ್ರಿಸ್ ಗೋಪಾಲಕೃಷ್ಣನ್ ದಂಪತಿಗಳ ಪ್ರತೀಕ್ಷಾ ಟ್ರಸ್ಟ್ ನೀಡಿದ 225 ಕೋಟಿ ರೂಪಾಯಿಗಳ ನೆರವು. ಉದ್ಯಮದಲ್ಲಿ ಗಳಿಸಿದ ಹಣವು ಹೀಗೆ ವಿಜ್ಞಾನಕ್ಕೆ ಮೂಲಧನವಾಯಿತು. ಆದರೆ ಇಂತಹ ನಿದರ್ಶನಗಳು ನಮ್ಮಲ್ಲಿ ವಿರಳ.

ಶ್ರೀಮಂತ ರಾಷ್ಟ್ರಗಳಲ್ಲಿ ವೈದ್ಯಕೀಯ ಸಂಶೋಧನೆಗಳು ಹೆಚ್ಚು ನಡೆಯುವುದು ಸಹಜ. ಉಪಕರಣ, ತಜ್ಞರ ವೇತನ ಹಾಗೂ ದೀರ್ಘಕಾಲದ ತಾಳ್ಮೆ, ಇವೆಲ್ಲಕ್ಕೂ ಹಣ ಬೇಕು. ಆದರೆ ಸಂಪತ್ತಿನ ಗಾತ್ರವೊಂದೇ ನಿರ್ಣಾಯಕವಲ್ಲ. ಅದರಲ್ಲಿ ಸಂಶೋಧನೆಗೆ ತೆಗೆದಿರಿಸುವ ಪಾಲು ಎಷ್ಟೆಂಬುದೂ ಮುಖ್ಯ. ಭಾರತವು ವಿಶ್ವದ ಬೃಹತ್ ಅರ್ಥವ್ಯವಸ್ಥೆಗಳಲ್ಲೊಂದು. ಆದರೂ 2020-21ರಲ್ಲಿ ಎಲ್ಲ ಬಗೆಯ ಸಂಶೋಧನೆಗೆ ನಾವು ವ್ಯಯಿಸಿದ್ದು ರಾಷ್ಟ್ರೀಯ ಉತ್ಪನ್ನದ ಶೇ. 0.64 ಮಾತ್ರ, ಅಂದರೆ ನೂರು ರೂಪಾಯಿಗೆ 64 ಪೈಸೆ. ದಕ್ಷಿಣ ಕೊರಿಯಾದಲ್ಲಿ ಈ ಪ್ರಮಾಣವು ಸುಮಾರು ಐದು ರೂಪಾಯಿ. ಅಲ್ಲಿ ಈ ವೆಚ್ಚದ ಮುಕ್ಕಾಲು ಪಾಲು ಉದ್ಯಮಗಳದ್ದು. ನಮ್ಮಲ್ಲಿ ಖಾಸಗಿ ಉದ್ಯಮದ ಪಾಲು ಶೇ. 36ರ ಆಸುಪಾಸು.

ನಮಗೇನು ಸಂಬಂಧ?

ಅನ್ಯರ ಶರೀರಗಳ ಮೇಲೆ ನಡೆದ ಪರೀಕ್ಷೆಗಳ ಆಧಾರದಿಂದ ನಮ್ಮವರಿಗೆ ಚಿಕಿತ್ಸೆ ನೀಡುವಾಗ ಅಂದಾಜು ತಪ್ಪುವ ಸಂಭವವುಂಟು. ಆಹಾರ, ಶಿಕ್ಷಣ, ದುಡಿಮೆ ಹಾಗೂ ವಂಶವಾಹಿಗಳು ಬೇರೆ ಬೇರೆ. ಕೋಲಾರದ ಮಂಡಿ, ಮಾಲೂರಿನ ಹೆಂಚಿನ ಕಾರ್ಖಾನೆ, ಮುಳಬಾಗಿಲಿನ ಅಂಗಡಿ, ಎಲ್ಲೆಡೆ ಹಿರಿಯರ ಅನುಭವವೇ ಕುಟುಂಬದ ವ್ಯವಹಾರಕ್ಕೆ ಆಧಾರ. ಲೆಕ್ಕಪತ್ರ ನೋಡುತ್ತಿದ್ದ ಹಿರಿಯರು ಮರೆವಿಗೆ ತುತ್ತಾದರೆ, ಅವರ ದುಡಿಮೆಯೊಡನೆ ಆರೈಕೆಗೆ ನಿಲ್ಲುವ ಇನ್ನೊಬ್ಬರ ದುಡಿಮೆಯೂ ನಷ್ಟವಾಗುತ್ತದೆ.

ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕಾಗಿ 2023ರಲ್ಲಿ ಕಾಯಿದೆ ರೂಪುಗೊಂಡಾಗ ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಗಳ ಗುರಿ ಇರಿಸಿ, ಅದರ ಬಹುಪಾಲನ್ನು ಖಾಸಗಿ ವಲಯದಿಂದ ನಿರೀಕ್ಷಿಸಲಾಯಿತು. ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕೆಂಬ ನಿಯಮವು ದೊಡ್ಡ ಕಂಪನಿಗಳಿಗೆ ಅನ್ವಯಿಸುತ್ತದೆ. ಸಣ್ಣ ಉದ್ಯಮಿಗಳಿಗೆ ಕಡ್ಡಾಯವಿಲ್ಲ. ಆದರೂ ಕಾರ್ಮಿಕರ ರಕ್ತದೊತ್ತಡ ಹಾಗೂ ಮಧುಮೇಹ ತಪಾಸಣೆ, ಇಂತಹ ಅಧ್ಯಯನಗಳಲ್ಲಿ ಭಾಗವಹಿಸಲು ರಜೆ, ಸಂಘಗಳ ಮೂಲಕ ಸಾಮೂಹಿಕ ದೇಣಿಗೆ, ಇವು ಅವರ ಶಕ್ತಿಗೆ ಮೀರಿದವಲ್ಲ.

ಮಾವಿನ ಸಸಿ ನೆಟ್ಟವರು ಮೊದಲ ವರ್ಷವೇ ಫಸಲನ್ನು ನಿರೀಕ್ಷಿಸುವುದಿಲ್ಲ. ಸಂಶೋಧನೆಯೂ ಅಂತಹುದೇ. ಜಿಲ್ಲೆಯ ಗ್ರಾಮಸ್ಥರು ತಮ್ಮ ಸಮಯ ಮತ್ತು ರಕ್ತವನ್ನು ಕೊಟ್ಟಿದ್ದಾರೆ. ಅದು ಅರ್ಧದಲ್ಲಿ ನಿಲ್ಲದಂತೆ ಬಂಡವಾಳ ಒದಗಿಸುವ ಹೊಣೆಯಲ್ಲಿ ವರ್ತಕ ಸಮುದಾಯಕ್ಕೂ ಪಾಲಿದೆ.