ವಿಂಡೋಸ್ ಏಳುವ ಮೊದಲೇ ವೈರಸ್ ಹುಡುಕಿ

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಜೆರಾಕ್ಸ್ ಅಂಗಡಿಗಳಲ್ಲಿ ಪಹಣಿ, ಅರ್ಜಿ, ಅಂಕಪಟ್ಟಿ ಹೊತ್ತ ಪೆನ್‌ಡ್ರೈವ್‌ಗಳು ಒಂದೇ ಕಂಪ್ಯೂಟರಿಗೆ ಬಂದು ಹೋಗುತ್ತವೆ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ವೈರಸ್ ಹೊಕ್ಕಿರುವ ಶಂಕೆ ಬಲವಾಗಿಯೇ ಇರಬೇಕು. ಆಂಟಿವೈರಸ್ ಇದೆಯಲ್ಲ ಎನ್ನಬಹುದು. ಆದರೆ ರೂಟ್‌ಕಿಟ್‌ನಂಥ ಕುತಂತ್ರಾಂಶ ವಿಂಡೋಸಿನ ಒಡಲಲ್ಲೇ ಕುಳಿತು, ತನ್ನ ಫೈಲೇ ಇಲ್ಲವೆಂದು ಅದರಿಂದಲೇ ಸುಳ್ಳು ಹೇಳಿಸುತ್ತದೆ. ತನ್ನದೇ ಪುಟ್ಟ ಕಾರ್ಯವ್ಯವಸ್ಥೆಯೂ ಆಂಟಿವೈರಸ್ಸೂ ಇರುವ ರೆಸ್ಕ್ಯೂ ಡಿಸ್ಕಿನಿಂದ ಕಂಪ್ಯೂಟರ್ ಶುರುಮಾಡಿದರೆ ವಿಂಡೋಸ್ ಏಳುವುದೇ ಇಲ್ಲ, ಅದರೊಳಗಿನ ವೈರಸ್ಸೂ ಏಳದು; ಬರೀ ಫೈಲಾಗಿ ಬಿದ್ದಿರುವಾಗ ಅದನ್ನು ಹಿಡಿಯುವುದು ಸುಲಭ.

ಸಿ.ಡಿ. ಡ್ರೈವೇ ಇಲ್ಲವೆಂದರೂ ಚಿಂತೆಯಿಲ್ಲ, ಸೋಂಕಿಲ್ಲದ ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೇ ಈ ರೆಸ್ಕ್ಯೂ ಡಿಸ್ಕನ್ನು ಹಾಕಿಕೊಳ್ಳಬಹುದು. ವಿಂಡೋಸ್ 10, 11ರಲ್ಲಂತೂ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಇದ್ದೇ ಇದೆ. ಸುಮಾರು 15 ನಿಮಿಷದ ಕೆಲಸ. ರ‍್ಯಾನ್ಸಮ್‌ವೇರ್ ಬೀಗ ಜಡಿದ ಕಡತಗಳು ಮಾತ್ರ ಇದರಿಂದ ಮರಳವು. ಹಾಗಾಗಿ ದಾಖಲೆಗಳ ಇನ್ನೊಂದು ಪ್ರತಿ ಇಡಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಇಂಥ ಸ್ಕ್ಯಾನಿಗೆ ಮೊದಲು ಅದರ ಕೀ ಕೇಳಬಹುದು; ಅದನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.