ಮಾತು ಕಡಿಮೆ, ದಾರಿ ದೂರ: ಲೋರಾ ಜಾಲ ಕೆಲಸ ಮಾಡುವ ಬಗೆ

ತುಂಗಭದ್ರಾ ಬಲದಂಡೆ ಕೆಳಮಟ್ಟದ ಕಾಲುವೆಗೆ ಎಷ್ಟು ಕ್ಯೂಸೆಕ್ ನೀರು ಬಿಟ್ಟರೆಂಬುದು ಪತ್ರಿಕೆಯಲ್ಲಿ ಬರುತ್ತದೆ. ಕಂಪ್ಲಿ ಭಾಗದಲ್ಲಿ ಭತ್ತ ನಾಟಿ ಮಾಡಿದವರಿಗೆ ಬೇಕಾದದ್ದು ಇನ್ನೊಂದು ಸಂಖ್ಯೆ: ತಮ್ಮ ತೂಬಿನ ಬಳಿ ಈಗ ಎಷ್ಟು ಅಡಿ ನೀರಿದೆ? ಅದನ್ನು ತಿಳಿಯಲು ರಾತ್ರಿ ಟಾರ್ಚ್ ಹಿಡಿದು ಕಾಲುವೆ ಏರಿಯ ಮೇಲೆ ನಡೆದು ಹೋಗಬೇಕು. ಕಾಲುವೆಯ ಕೊನೆ ಭಾಗದ ರೈತರಿಗಂತೂ ಈ ನಡಿಗೆ ಹಂಗಾಮಿನುದ್ದಕ್ಕೂ ತಪ್ಪಿದ್ದಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಸಂಖ್ಯೆಗೆ ಎರಡು ಬೈಟ್ ಸಾಕು. ಇಷ್ಟು ಚಿಕ್ಕ ಸುದ್ದಿಯನ್ನು ಕಡಿಮೆ ಖರ್ಚಿನಲ್ಲಿ, ಕರೆಂಟ್ ಇಲ್ಲದ ಜಾಗದಿಂದ ಹತ್ತಾರು ಕಿಲೋಮೀಟರ್ ಆಚೆ ಮುಟ್ಟಿಸಲೆಂದೇ ಹುಟ್ಟಿದ ರೇಡಿಯೊ ತಂತ್ರ ಲೋರಾ. ಅದರ ಮೇಲೆ ಕಟ್ಟಿದ ಜಾಲದ ನಿಯಮಾವಳಿಗೆ ಲೋರಾವ್ಯಾನ್ ಎಂದು ಹೆಸರು.

ದೂರದ ಅಳತೆಯನ್ನು ರೇಡಿಯೊದಲ್ಲಿ ತರಿಸಿಕೊಳ್ಳುವುದು ಕರ್ನಾಟಕಕ್ಕೆ ಹೊಸದಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿರುವ ಮಳೆಮಾಪಕಗಳು ಆರು ಸಾವಿರಕ್ಕೂ ಹೆಚ್ಚು. ಅವು ಸೌರಫಲಕದ ಬಲದಿಂದ ನಡೆದು, ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಪಂಚಾಯಿತಿಗೊಂದು ಯಂತ್ರ ಎಂದಾಗ ಇದು ಒಳ್ಳೆಯ ವ್ಯವಸ್ಥೆಯೇ. ಒಂದೇ ಉಪಕಾಲುವೆಗೆ ಐವತ್ತು ಮಾಪಕ ಬೇಕೆಂದಾಗ ಮಾತ್ರ ತೊಡಕು. ಐವತ್ತು ಸಿಮ್, ಐವತ್ತು ರೀಚಾರ್ಜ್, ಐವತ್ತು ಸೌರಫಲಕ, ಎಲ್ಲ ಕಡೆಯೂ ಟವರ್ ಸಿಗಬೇಕು.

ಇನ್ನೊಂದು ಪ್ರಯತ್ನ ಇದಕ್ಕಿಂತ ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ವಿದ್ಯಾಲಯವೂ ಸೇರಿ, 2000ದ ದಶಕದ ಮಧ್ಯದಲ್ಲಿ, ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ ಹೊಲಗಳಲ್ಲಿ ಮಣ್ಣಿನ ತೇವ ಅಳೆಯುವ ನಿಸ್ತಂತು ಜಾಲ ಹೂಡಿದ್ದವು. ಆಗಿನ ಪುಟ್ಟ ರೇಡಿಯೊಗಳ ದನಿ ಬಹಳ ದೂರ ಹೋಗುತ್ತಿರಲಿಲ್ಲ. ಒಂದು ಪೆಟ್ಟಿಗೆಯ ಸುದ್ದಿ ಪಕ್ಕದ ಪೆಟ್ಟಿಗೆಗೆ, ಅಲ್ಲಿಂದ ಮುಂದಿನದಕ್ಕೆ ಎಂದು ಹಂತಹಂತವಾಗಿ ಸಾಗಬೇಕಿತ್ತು. ಇಂಥ ಸಾಲಿನಲ್ಲಿ ನಡುವಿನ ಪೆಟ್ಟಿಗೆ ಕೆಟ್ಟರೆ ಹಿಂದಿನವೂ ಮೌನ. ಮೇಲಾಗಿ ನೆರೆಯವರ ಸುದ್ದಿ ಹೊತ್ತೂ ಹೊತ್ತೂ ಬ್ಯಾಟರಿ ಸವೆಯುತ್ತದೆ. ಲೋರಾ ಈ ಹಂತಗಳನ್ನೇ ತೆಗೆದುಹಾಕಿತು. ಪ್ರತಿ ಪೆಟ್ಟಿಗೆಯೂ ಎತ್ತರದಲ್ಲಿರುವ ಗೇಟ್‌ವೇ ಎಂಬ ಕೇಂದ್ರಕ್ಕೆ ನೇರವಾಗಿ ಹೇಳುತ್ತದೆ.

ಅಷ್ಟು ದೂರ ಹೇಳುವುದು ಹೇಗೆ? ಫ್ರಾನ್ಸಿನ ಗ್ರೆನೋಬಲ್ ಊರಿನ ಸೈಕ್ಲಿಯೊ ಎಂಬ ಸಣ್ಣ ಕಂಪನಿ ಈ ತಂತ್ರ ರೂಪಿಸಿತು. ಅಮೆರಿಕದ ಸೆಮ್‌ಟೆಕ್ 2012ರಲ್ಲಿ ಆ ಕಂಪನಿಯನ್ನು ಕೊಂಡಿತು. ಇದರಲ್ಲಿ ರೇಡಿಯೊ ಅಲೆಯ ಕಂಪನಾಂಕ ಒಂದೇ ಕಡೆ ನಿಲ್ಲದೆ, ತಗ್ಗಿನಿಂದ ಏರುತ್ತ ಹೋಗುವ ಸಿಳ್ಳೆಯಂತೆ ಕೆಳಗಿನಿಂದ ಮೇಲಕ್ಕೆ ಜಾರುತ್ತದೆ. ಜಾರುವಿಕೆ ಯಾವ ಬಿಂದುವಿನಿಂದ ಶುರುವಾಯಿತು ಎಂಬುದರಲ್ಲೇ ಮಾಹಿತಿ ಅಡಗಿರುತ್ತದೆ. ಆಕಾಶದ ಗದ್ದಲಕ್ಕೆ ಇಂಥ ಕ್ರಮಬದ್ಧ ಏರಿಕೆ ಇರುವುದಿಲ್ಲವಾದ್ದರಿಂದ, ಸಂಕೇತವು ಗದ್ದಲದ ನೂರನೇ ಒಂದು ಪಾಲಿಗೆ ಇಳಿದರೂ ಗೇಟ್‌ವೇ ಅದನ್ನು ಹೆಕ್ಕಿ ತೆಗೆಯಬಲ್ಲದು.

ಇದಕ್ಕೆ ತೆರುವ ಬೆಲೆ ವೇಗ. ಜಾರುವಿಕೆಯ ನಿಧಾನಕ್ಕೆ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್) ಎಂಬ ಅಳತೆಯಲ್ಲಿ 7ರಿಂದ 12ರವರೆಗೆ ಆರು ಮೆಟ್ಟಿಲುಗಳಿವೆ. ಹನ್ನೆರಡು ಬೈಟಿನ ಸುದ್ದಿ 7ನೇ ಮೆಟ್ಟಿಲಲ್ಲಿ ಸೆಕೆಂಡಿನ ಸುಮಾರು ನೂರರಲ್ಲಿ ಆರು ಪಾಲು ಹೊತ್ತಿನಲ್ಲಿ ಮುಗಿಯುತ್ತದೆ. 12ರಲ್ಲಿ ಅದಕ್ಕೇ ಸುಮಾರು ಒಂದೂವರೆ ಸೆಕೆಂಡು ಬೇಕು. ಅಂದರೆ 12ನೇ ಮೆಟ್ಟಿಲು ಹತ್ತಬೇಕಾದ ದೂರದ ಪೆಟ್ಟಿಗೆ ಪ್ರತಿ ಸಲವೂ ಹತ್ತಿರದ್ದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಹೊತ್ತು ಕೂಗಬೇಕು, ಅಷ್ಟೇ ಪಟ್ಟು ಬ್ಯಾಟರಿ ಉರಿಸಬೇಕು. ಗೇಟ್‌ವೇಯನ್ನು ಒಳ್ಳೆಯ ಜಾಗದಲ್ಲಿ ಕೂರಿಸಿದರೆ ಪೆಟ್ಟಿಗೆಗಳ ಆಯಸ್ಸು ವರ್ಷಗಟ್ಟಲೆ ಹೆಚ್ಚುತ್ತದೆ ಎಂಬುದರ ಲೆಕ್ಕ ಇಲ್ಲಿದೆ. ಚಿತ್ರ, ದನಿ, ವಿಡಿಯೊ ಇದರಲ್ಲಿ ಹೋಗುವುದಿಲ್ಲ. ಕಾಲುವೆಗೆ ಸಿಸಿ ಕ್ಯಾಮೆರಾ ಬೇಕೆನ್ನುವವರು ಬೇರೆ ದಾರಿ ನೋಡಬೇಕು.

ಕಾನೂನಿನ ತೊಡಕು ಹೆಚ್ಚಿಲ್ಲ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದರು. 2021ರಲ್ಲಿ ಅದು 868ರವರೆಗೆ ವಿಸ್ತರಿಸಿತು. ಶಕ್ತಿಯ ಮಿತಿಯೊಳಗೆ, ಅನುಮೋದನೆ ಪಡೆದ ಉಪಕರಣವನ್ನು ಯಾರು ಬೇಕಾದರೂ ಬಳಸಬಹುದು. ಅಗ್ಗವೆಂದು ಯುರೋಪ್ ಅಥವಾ ಅಮೆರಿಕದ ಪಟ್ಟಿಗೆ ಹೊಂದಿಸಿದ ಉಪಕರಣ ತರಿಸಿದರೆ ಅದು ಇಲ್ಲಿನ ಜಾಲಕ್ಕೆ ಕೂಡುವುದಿಲ್ಲ. ಕೊಳ್ಳುವಾಗ 865 ಎಂಬ ಸಂಖ್ಯೆಯನ್ನು ಕಣ್ಣಾರೆ ನೋಡಿ ಕೊಳ್ಳಿ.

ಇನ್ನು ನೆಲದ ಮಾತು. ಈ ಸೀಮೆಯಲ್ಲಿ ಎಲ್ಲ ತೀರ್ಮಾನವಾಗುವುದು ಅಲ್ಲೇ. ಬಯಲಿನಲ್ಲಿ 10 ಮೀಟರ್ ಎತ್ತರದ ಆಂಟೆನಾಗೆ ರೇಡಿಯೊ ದಿಗಂತ ಸುಮಾರು 13 ಕಿಲೋಮೀಟರ್. 100 ಮೀಟರ್ ಗುಡ್ಡ ಹತ್ತಿಸಿದರೆ ಸುಮಾರು 41. ಬರೀ 25 ಮಿಲಿವ್ಯಾಟ್ ಶಕ್ತಿಯ ಲೋರಾ ಸಂಕೇತವೊಂದು 2019ರಲ್ಲಿ 766 ಕಿಲೋಮೀಟರ್ ಸಾಗಿತ್ತು. ಅದನ್ನು ಕಳಿಸಿದ ಉಪಕರಣ ಎತ್ತರದ ಬಲೂನಿನಲ್ಲಿತ್ತು, ನಡುವೆ ಅಡ್ಡ ಏನೂ ಇರಲಿಲ್ಲ. ನಮ್ಮಲ್ಲಿ ಅಡ್ಡ ಇರುವುದೇ ಹೆಚ್ಚು. ಹೊಸಪೇಟೆಯಿಂದ ಕಂಪ್ಲಿ ಕಡೆಗೆ ಗದ್ದೆ ಬಯಲು ಸಿಗುವವರೆಗೂ ದಾರಿ ಸುಗಮವಲ್ಲ. ಹಂಪಿಯ ಸುತ್ತಲಿನ ಬಂಡೆಗುಡ್ಡಗಳು ಅಲೆಯನ್ನು ತಡೆಯುತ್ತವೆ, ತುರ್ತು ಎಂಬ ಹೆಸರಿನ ಕಾಲುವೆಯ ಬದಿಯ ಬಾಳೆತೋಟದ ಹಸಿ ಎಲೆಗಳು ಅದನ್ನು ಹೀರುತ್ತವೆ. ಬಂಡೆಯ ಮರೆಯ ಒಂದು ತೂಬಿಗೆ ನಾಲ್ಕು ಕಿಲೋಮೀಟರೂ ದೂರವಾಗಬಹುದು, ಬಯಲಿನ ಇನ್ನೊಂದಕ್ಕೆ ಹದಿನೈದೂ ಹತ್ತಿರವಾಗಬಹುದು.

ಮಾತಂಗ ಪರ್ವತದ ತುದಿ ಇದಕ್ಕೆ ಹೇಳಿ ಮಾಡಿಸಿದ ಜಾಗವೆಂದು ನಕ್ಷೆ ನೋಡಿದವರಿಗೆಲ್ಲ ಅನ್ನಿಸೀತು. ಅಲ್ಲಿ ವೀರಭದ್ರನ ಗುಡಿಯಿದೆ, ಸುತ್ತಲೂ 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಂಪಿಯಿದೆ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಹಂಪಿಯ ನೋಟಕ್ಕೆ ಒಂದು ಕಬ್ಬಿಣದ ಕಂಬವೂ ಹೊರೆಯೇ. ಈಗಾಗಲೇ ನಿಂತಿರುವ ನೀರಿನ ಓವರ್‌ಹೆಡ್ ಟ್ಯಾಂಕ್, ಎತ್ತರದ ಶಾಲಾ ಕಟ್ಟಡ, ಸ್ಮಾರಕ ವಲಯದ ಹೊರಗಿನ ಮೊಬೈಲ್ ಟವರ್ ಇವುಗಳನ್ನೇ ಬಳಸಬೇಕು.

ಸಂಡೂರಿನ ಲೆಕ್ಕ ಬೇರೆ. ಬೆಟ್ಟಸಾಲುಗಳ ನಡುವಿನ ಕಣಿವೆ ಅದು. ಹೊಸಪೇಟೆಯ ಗೇಟ್‌ವೇಗೆ ಅಲ್ಲಿನ ದನಿ ಕೇಳದು, ಕಣಿವೆಗೇ ಬೇರೆಯದು ಬೇಕು. ಅದಿರು ಲಾರಿಗಳ ದಾರಿಯಲ್ಲಿ ಧೂಳು ಅಳೆಯುವ ಆಸೆಯಿದ್ದರೆ ಇನ್ನೊಂದು ವಿಷಯ ಗೊತ್ತಿರಲಿ: ಧೂಳಿನ ಸೆನ್ಸರಿನೊಳಗೆ ಪುಟ್ಟ ಫ್ಯಾನ್ ತಿರುಗುತ್ತದೆ, ರೇಡಿಯೊಗಿಂತ ಹೆಚ್ಚು ಕರೆಂಟ್ ತಿನ್ನುವುದು ಅದೇ. ಅಲ್ಲಿ ಸೌರಫಲಕ ಬೇಕು, ಫಲಕದ ಮೇಲಿನ ಕೆಂಪು ಧೂಳು ಒರೆಸಲು ಒಬ್ಬರು ಬೇಕು.

ಬ್ಯಾಟರಿ ಉಳಿಸುವ ಪೆಟ್ಟಿಗೆ ಸದಾ ಕಿವಿ ತೆರೆದಿರುವುದಿಲ್ಲ. ತನ್ನ ಸುದ್ದಿ ಕಳಿಸಿದ ಮೇಲೆ ಎರಡು ಸಲ ಕ್ಷಣಹೊತ್ತು ಕೇಳಿ, ಮತ್ತೆ ನಿದ್ದೆಗೆ ಜಾರುತ್ತದೆ. ನೀರಿನ ಮಟ್ಟ ತಿಳಿಯಲು ಇದು ಸರಿ. ಮೋಟರ್ ಬಂದ್ ಮಾಡು ಎಂದು ತಕ್ಷಣ ಹೇಳಲು ಆಗದು. ಅದಕ್ಕೆ ಸದಾ ಎಚ್ಚರವಿರುವ, ಕರೆಂಟಿಗೆ ಜೋಡಿಸಿದ ಬಗೆಯ ಉಪಕರಣವೇ ಬೇಕು.

ಎಲ್ಲಕ್ಕಿಂತ ಗಂಭೀರವಾದದ್ದು ಪ್ರಾಣದ ವಿಷಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ನದಿಪಾತ್ರದ ಊರುಗಳೆಲ್ಲ ಆತಂಕದಲ್ಲಿದ್ದವು. ಹೊಳೆ ಏರಿದರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ–ಗಂಗಾವತಿ ಸೇತುವೆಯ ಸಂಚಾರ ನಿಲ್ಲುತ್ತದೆ. ಸೇತುವೆಯ ಕಂಬಕ್ಕೊಂದು ಲೋರಾ ಮಾಪಕ ಕಟ್ಟುವುದು ಉಪಯುಕ್ತವೇ. ಆದರೆ ಇಬ್ಬರು ಒಟ್ಟಿಗೆ ಕೂಗಿದರೆ ಸುದ್ದಿ ಕಳೆದುಹೋಗಬಹುದಾದ ಜಾಲ ಇದು, ಮತ್ತು ಸಾಮಾನ್ಯವಾಗಿ ಪೆಟ್ಟಿಗೆ ತನ್ನ ಸುದ್ದಿ ಮುಟ್ಟಿತೇ ಎಂದು ವಿಚಾರಿಸುವುದೂ ಇಲ್ಲ. ಗೇಟ್‌ವೇಗೆ ಕರೆಂಟ್, ಇಂಟರ್ನೆಟ್ ಎರಡೂ ಇರಬೇಕು. ಮಳೆಗಾಲದ ರಾತ್ರಿ ಮೊದಲು ಕೈಕೊಡುವುದು ಅವೇ. ಪ್ರವಾಹದ ಎಚ್ಚರಿಕೆಗೆ ಇದೊಂದನ್ನೇ ನೆಚ್ಚಬಾರದು. ಸೈರನ್, ಡಂಗುರ, ಫೋನ್ ಕರೆ ಇವು ಇದ್ದೇ ಇರಬೇಕು.

ನೀರು ಬಳಕೆದಾರರ ಸಂಘಗಳು ಇದನ್ನು ಪ್ರಯತ್ನಿಸಬೇಕೆಂಬುದು ನನ್ನ ಬಿನ್ನಹ. ಐವತ್ತು ಪೆಟ್ಟಿಗೆಗೆ ಮೊದಲೇ ಹಣ ಕಟ್ಟಬೇಡಿ. ಒಂದು ಗೇಟ್‌ವೇಯನ್ನು ಊರಿನ ಟ್ಯಾಂಕಿನ ಮೇಲಿಟ್ಟು, ಒಂದು ಪೆಟ್ಟಿಗೆಯನ್ನು ಬೈಕಿನಲ್ಲಿ ತೂಬಿನಿಂದ ತೂಬಿಗೆ ಒಯ್ದು, ಎಲ್ಲೆಲ್ಲಿಂದ ಸುದ್ದಿ ಮುಟ್ಟುತ್ತದೆ, ಯಾವ ಮೆಟ್ಟಿಲಲ್ಲಿ ಮುಟ್ಟುತ್ತದೆ ಎಂದು ಬರೆದುಕೊಳ್ಳಿ. ಬೆಳೆ ಎತ್ತರಕ್ಕೆ ಬಂದಾಗ ಇನ್ನೊಮ್ಮೆ ಹಾಗೆಯೇ ಮಾಡಿ. ಆ ಪಟ್ಟಿ ಕೈಯಲ್ಲಿದ್ದರೆ ಮಾರಾಟಗಾರನ ಹತ್ತಿರ ಏನು ಕೇಳಬೇಕೆಂಬುದು ನಿಮಗೇ ಗೊತ್ತಾಗುತ್ತದೆ.