ಆಸ್ಟ್ರಿಯದ ಮಠದಿಂದ ಮಂಡ್ಯದ ರಾಗಿ ಹೊಲಕ್ಕೆ

ಜಗತ್ತಿನ ಮೇಲೆ ಅತಿ ಹೆಚ್ಚಿನ ಪ್ರಭಾವ ಬೀರಿದ ಆಸ್ಟ್ರಿಯದವರು ಯಾರೆಂದು ಕೇಳಿದರೆ, ರೇಡಿಯೋ ಇರುವ ಮನೆಯವರು ಮೊದಲು ಸಂಗೀತಗಾರ ಮೊಟ್ಸಾರ್ಟನ ಹೆಸರನ್ನು ಹೇಳಿಯಾರು. ಮನಶ್ಶಾಸ್ತ್ರ ಓದಿದವರು ಫ್ರಾಯ್ಡನೆಂದಾರು. ೧೮೮೯ರಲ್ಲಿ ಆ ನಾಡಿನಲ್ಲೇ ಹುಟ್ಟಿದ ಹಿಟ್ಲರನನ್ನೂ ಬಿಡುವಂತಿಲ್ಲ. ಕೇಡೂ ಪ್ರಭಾವವೇ ಸರಿ. ಆದರೆ, ವಾಚಕರೇ, ಬಾಬುರಾಯನಕೊಪ್ಪಲಿನ ಅಡುಗೆಮನೆಯೊಂದರಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳಿ ನೋಡಿ. ಒಲೆಯ ಮೇಲೆ ತಿರುವುತ್ತಿರುವ ಮುದ್ದೆಗೂ ಆಸ್ಟ್ರಿಯಕ್ಕೂ ನಂಟುಂಟು. ಆ ನಂಟಿಗೆ ಕಾರಣನಾದವನು ಗ್ರೆಗೊರ್ ಮೆಂಡೆಲ್ ಎಂಬ ಕ್ರೈಸ್ತ ಸಂನ್ಯಾಸಿ. ನನ್ನ ಲೆಕ್ಕದಲ್ಲಿ ಮೊದಲ ಮಣೆ ಅವನಿಗೇ.

ಎರಡನೆಯದು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರನಿಗೆ. ಮನುಷ್ಯರ ರಕ್ತದಲ್ಲಿ ಗುಂಪುಗಳುಂಟೆಂದು ೧೯೦೧ರಲ್ಲಿ ತೋರಿಸಿಕೊಟ್ಟವನು ಆತ. ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು. ಆಸ್ಪತ್ರೆಯಲ್ಲಿ ರಕ್ತ ಪಡೆದು ಬದುಕಿ ಬಂದವರೆಲ್ಲರೂ ಅವನಿಗೆ ಋಣಿಗಳು.

ಮೆಂಡೆಲ್ ೧೮೨೨ರಲ್ಲಿ ಆಗಿನ ಆಸ್ಟ್ರಿಯ ಸಾಮ್ರಾಜ್ಯದ ಹಳ್ಳಿಯೊಂದರಲ್ಲಿ, ಬೇಸಾಯಗಾರರ ಮನೆಯಲ್ಲಿ ಹುಟ್ಟಿದವನು. ಆ ಹಳ್ಳಿಯೂ ಅವನಿದ್ದ ಬ್ರನೊ ನಗರದ ಮಠವೂ ಈಗ ಚೆಕ್ ದೇಶಕ್ಕೆ ಸೇರಿವೆ. ಉಪಾಧ್ಯಾಯ ವೃತ್ತಿಯ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲೇ ಇಲ್ಲ. ಉತ್ತರ ಪತ್ರಿಕೆ ತಿದ್ದುತ್ತಲೇ ತಲೆ ನರೆತ ನಮ್ಮಂಥವರು ಇದನ್ನು ನೆನಪಿಡುವುದು ಒಳ್ಳೆಯದು. ೧೮೫೬ರಿಂದ ೧೮೬೩ರವರೆಗೆ ಮಠದ ತೋಟದಲ್ಲಿ ಬಟಾಣಿ ಬೆಳೆದು, ಎತ್ತರದ ಗಿಡವನ್ನು ಕುಳ್ಳ ಗಿಡದೊಡನೆ ಕೂಡಿಸಿದ. ಮೊದಲ ಪೀಳಿಗೆಯೆಲ್ಲ ಎತ್ತರ. ಕುಳ್ಳತನ ಅಳಿಯಿತೆ? ಇಲ್ಲ. ಮರುಪೀಳಿಗೆಯಲ್ಲಿ ಸುಮಾರು ಮೂರು ಎತ್ತರಕ್ಕೆ ಒಂದು ಕುಳ್ಳು ತಲೆದೋರಿತು. ಅಜ್ಜಿಯ ಮೂಗು ಮಗಳನ್ನು ಬಿಟ್ಟು ಮೊಮ್ಮಗಳಿಗೆ ಬರುವುದನ್ನು ನೀವು ಕಂಡಿಲ್ಲವೆ? ಗುಣಗಳು ಹಾಲುನೀರಿನಂತೆ ಬೆರೆತುಹೋಗದೆ, ಕಾಳುಗಳಂತೆ ಬಿಡಿಬಿಡಿಯಾಗಿ ಇಳಿದುಬರುತ್ತವೆಂದು ಆತ ತಿಳಿದ. ೧೮೬೬ರಲ್ಲಿ ಅಚ್ಚಾದ ಈ ಮಾತಿಗೆ ಕಿವಿಗೊಟ್ಟವರು ವಿರಳ. ೧೮೮೪ರಲ್ಲಿ ಆತ ತೀರಿಕೊಂಡ. ವಿದ್ವಾಂಸರ ಕಣ್ಣಿಗೆ ಅದು ಮತ್ತೆ ಬಿದ್ದದ್ದು ೧೯೦೦ರಲ್ಲಿ.

ಇನ್ನು ರಾಗಿಗೆ ಬರೋಣ. ರಾಗಿಯ ಹೂ ಬಲು ಚಿಕ್ಕದು. ಹೊತ್ತು ಮೂಡುವ ಮುಂಚೆಯೇ ಅರಳಿ, ತನ್ನ ಪರಾಗವನ್ನು ತಾನೇ ಧರಿಸಿಬಿಡುತ್ತದೆ. ಬೇರೆ ತಳಿಯೊಡನೆ ಕೂಡಿಸುವುದು ಕಷ್ಟ. ಇದಕ್ಕೊಂದು ಉಪಾಯವುಂಟು: ಹಸಿರು ತಳಿಯ ತೆನೆಗೆ ನೇರಳೆ ಛಾಯೆಯ ತಳಿಯ ತೆನೆಯನ್ನು ಒತ್ತಾಗಿ ಸೇರಿಸಿ ಕಟ್ಟುವುದು. ಹಸಿರು ತೆನೆಯ ಕಾಳನ್ನು ಬಿತ್ತಿದಾಗ ನೇರಳೆ ತೋರಿದ ಪೈರೇ ಸಂಕರ. ಉಳಿದದ್ದು ತಾಯಿಯ ಪಡಿಯಚ್ಚು. ಬಟಾಣಿಯಲ್ಲಿ ಎತ್ತರವು ಕುಳ್ಳನ್ನು ಮರೆಮಾಡಿದಂತೆ ಇಲ್ಲಿ ನೇರಳೆ ಹಸಿರನ್ನು ಮರೆಮಾಡುತ್ತದೆ.

ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದು ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಹೆಸರಾದ ವಿಜ್ಞಾನಿಗಳು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ತೆಗೆದರು. ಇಂಡಿಯದ ‘ಇಂಡ್’, ಆಫ್ರಿಕದ ‘ಆಫ್’. ಕೇಶಿರಾಜನ ಯಾವ ಸೂತ್ರಕ್ಕೆ ಈ ಸಂಧಿ ಒಗ್ಗುತ್ತದೆಯೋ ಕಾಣೆ, ಹೊಲಕ್ಕಂತೂ ಒಗ್ಗಿತು. ಇಳುವರಿ ಏರಿತು. ಮಳೆಯನ್ನೇ ನಂಬಿದ ನಾಗಮಂಗಲದ ಕಡೆಯ ಹೊಲದಲ್ಲಿ ಎಕರೆಗೆ ಒಂದು ಮೂಟೆ ಹೆಚ್ಚಿಗೆ ಬಂದರೆ ಒಂದು ಸಂಸಾರಕ್ಕೆ ಎಷ್ಟು ದಿನದ ಊಟವೆಂದು ನೀವೇ ಎಣಿಸಿ. ಮುಂದೆ ೧೯೯೦ರ ದಶಕದಲ್ಲಿ ಬೆಂಕಿ ರೋಗವನ್ನು ತಡೆದುಕೊಳ್ಳುವ ಜಿ. ಪಿ. ಯು. ೨೮ ಎಂಬ ತಳಿ ಬೆಂಗಳೂರಿನಿಂದ ಹೊರಬಂದಿತು. ಅದರ ವಂಶಾವಳಿಯಲ್ಲಿಯೂ ಇಂಡಾಫ್ ೫, ಇಂಡಾಫ್ ೯ ಉಂಟು. ಈ ಸಲ ರೈತರಿಂದ ರಾಗಿ ಕೊಳ್ಳುವಾಗ ಯಾವ ತಳಿಯೆಂದು ವಿಚಾರಿಸಿ ನೋಡಿ.